ಇರಾನಿನ ಹಳೇ ಮನೆಗಳ ಕಾಗದ: ಬರೆದವರು ಯಾರು, ಓದಿದವರು ಯಾರು?

ಮಸಿಕುಡಿಕೆ:
ಇತ್ತೀಚೆಗೆ ನನಗೊಂದು ಹುಚ್ಚು ಹತ್ತಿದೆ. ಹಾರ್ವರ್ಡ್‌ನವರು ಕಜಾರ್ ಕಾಲದ (18ನೇ ಶತಮಾನದ ಕೊನೆಯಿಂದ 1925ರವರೆಗೆ ಇರಾನ್ ಆಳಿದ ವಂಶ) ಇರಾನಿ ಹೆಂಗಸರ ಬದುಕಿಗೆ ಸಂಬಂಧಿಸಿದ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಎಲ್ಲರೂ ನೋಡುವ ಹಾಗೆ ಇಟ್ಟಿದ್ದಾರೆ. ಮದುವೆ ಕರಾರು, ಉಯಿಲು, ಫೋಟೊ, ಮನೆಮಂದಿ ಒಬ್ಬರಿಗೊಬ್ಬರು ಬರೆದ ಪತ್ರ, ಎಲ್ಲ ಇದೆ. ರಾತ್ರಿ ಊಟ ಆದಮೇಲೆ ಸುಮ್ನೆ ಒಂದೊಂದೇ ತೆಗೆದು ನೋಡುತ್ತಾ ಕೂರುತ್ತೇನೆ. ಫಾರ್ಸಿ ನನಗೆ ಅಷ್ಟಕ್ಕಷ್ಟೆ. ಸಾರಾಂಶ ಪಕ್ಕದಲ್ಲಿಟ್ಟುಕೊಂಡು ತಡವರಿಸಿ ಓದುವುದು.

ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಪತ್ರ ಒಬ್ಬರ ಹೆಸರಲ್ಲಿ ಶುರುವಾಗುತ್ತದೆ. ಅರ್ಧಕ್ಕೆ ಬರುವಷ್ಟರಲ್ಲಿ ಮನೆಯವರೆಲ್ಲ ಬಾಯಿ ಹಾಕಿರುತ್ತಾರೆ. ಇವರು ಸಲಾಂ ಹೇಳಿದ್ದಾರೆ, ಅವರು ಮಕ್ಕಳ ಆರೋಗ್ಯ ಕೇಳಿದ್ದಾರೆ, ಇನ್ಯಾರೋ ಬಟ್ಟೆ ತರಿಸಿಕೊಡಿ ಎನ್ನುತ್ತಿದ್ದಾರೆ. ಗಂಡ ಹೆಂಡತಿಗೆ ಬರೆದ ಮಾತು ಯಾವುದು, ಒಂದು ಮನೆ ಇನ್ನೊಂದು ಮನೆಗೆ ಬರೆದದ್ದು ಯಾವುದು ಅಂತ ಬಿಡಿಸಲು ಆಗುವುದಿಲ್ಲ.

ಕಜಾರರಿಗಿಂತ ಹಿಂದೆ, 16-17ನೇ ಶತಮಾನದಲ್ಲಿ ಇರಾನ್ ಆಳಿದ ಸಫವಿಗಳ ಕಾಲದಲ್ಲೂ ಹೀಗೇ ಇತ್ತಾ? ಹೆಂಗಸರು ತಾವೇ ಬರೆಯುತ್ತಿದ್ದರಾ, ಇಲ್ಲ ಮುನ್ಷಿ ಬರೆಯುತ್ತಿದ್ದನಾ? ಪತ್ರ ತಲುಪಿದ ಮೇಲೆ ಓದುತ್ತಿದ್ದವರು ಯಾರು? ಗೊತ್ತಿರುವವರು ಹೇಳಿ.

ನಿಧಾನಿ:
ಮೊದಲು ಹಾಳೆಯನ್ನೇ ನೋಡಿ. ಅರ್ಧ ಉತ್ತರ ಅಲ್ಲಿದೆ.

ಸಾಲುಗಳು ನೇರ ಇರುವುದಿಲ್ಲ. ಬಲದಿಂದ ಶುರುವಾಗಿ ಎಡಕ್ಕೆ ಹೋದ ಹಾಗೆ ಮೇಲಕ್ಕೆ ಏರುತ್ತವೆ. ಬಲಗಡೆ ಅಗಲವಾದ ಅಂಚು ಬಿಟ್ಟಿರುತ್ತಾರೆ. ನಡುವಿನ ಜಾಗ ಮುಗಿದ ಮೇಲೆ ಬರೆಯುವವರು ಹಾಳೆ ತಿರುಗಿಸಿ ಆ ಅಂಚಿಗೆ ಹೋಗುತ್ತಾರೆ, ಅಲ್ಲೂ ಮುಗಿದರೆ ತಲೆಕೆಳಗಾಗಿ ಮೇಲಿನ ಮೂಲೆಗೆ. ಅಂದರೆ ಓದುವವರೂ ಹಾಳೆಯನ್ನು ಕೈಯಲ್ಲಿ ಸುತ್ತಿಸುತ್ತಾ ಓದಬೇಕು. ನಡುವಿನಲ್ಲಿ ಮರ್ಯಾದೆಯ ಮಾತು, ಅಂಚಿನಲ್ಲಿ ನಿಜವಾದ ವಿಷಯ. ನೀವು ಹೇಳುವ ಬಟ್ಟೆ, ಸಕ್ಕರೆ, ಸಾಲ, ಜ್ವರ ಎಲ್ಲ ಜಾಸ್ತಿ ಸಿಗುವುದು ಅಂಚಿನಲ್ಲೇ.

ಬರಹ ಶಿಕಸ್ತೆ. ಬೇಗ ಬರೆಯಲು ಅಕ್ಷರಗಳನ್ನು ಒಂದಕ್ಕೊಂದು ಸೇರಿಸಿ, ಚುಕ್ಕಿ ನುಂಗಿ ಬರೆಯುವ ಶೈಲಿ. 17ನೇ ಶತಮಾನದಲ್ಲಿ ರೂಪ ತಳೆಯಿತು, ಕಚೇರಿಯಿಂದ ಮನೆಗೂ ಬಂತು. ಇದನ್ನು ಓದಲು ಫಾರ್ಸಿ ಬಂದರೆ ಸಾಲದು, ಕೈ ಪಳಗಿರಬೇಕು. ಹಾಗಾಗಿ ಮನೆಯಲ್ಲಿ ಹತ್ತು ಜನ ಇದ್ದರೆ ಓದುವವರು ಒಬ್ಬರೋ ಇಬ್ಬರೋ. ಉಳಿದವರು ಕೇಳುವವರು. ಚಳಿಗಾಲದಲ್ಲಿ ಕೊರ್ಸಿ ಸುತ್ತ ಕೂತಿರುತ್ತಾರಲ್ಲ, ಅಂದರೆ ಕೆಳಗೆ ಕೆಂಡ, ಮೇಲೆ ಗಿಡ್ಡ ಮೇಜು, ಅದರ ಮೇಲೆ ದೊಡ್ಡ ರಜಾಯಿ, ಎಲ್ಲರ ಕಾಲೂ ಅದರೊಳಗೆ. ಅಲ್ಲಿ ಪತ್ರ ಗಟ್ಟಿಯಾಗಿ ಓದಿದರೆ ಯಾರ ಕಿವಿ ಮುಚ್ಚುತ್ತೀರಿ?

ಸಹಿ ಮಾತ್ರ ಹುಡುಕಬೇಡಿ. ಮೊಹರು ಹುಡುಕಿ. ಕೈಬರಹ ಯಾರದ್ದಾದರೂ ಇರಲಿ, ಮೊಹರು ಯಾರದೋ ಪತ್ರ ಅವರದು. ಉಳ್ಳವರ ಮನೆಯ ಹೆಂಗಸರಿಗೆ ತಮ್ಮದೇ ಮೊಹರು ಇರುತ್ತಿತ್ತು. ಮದುವೆ ಕರಾರು, ವಕ್ಫ್ ಪತ್ರ, ಆಸ್ತಿ ಮಾರಾಟ ಎಲ್ಲಕ್ಕೂ ಅದೇ ಬೇಕು.

ದುಬೈ ಕನ್ನಡಿಗ:
ಚೆನ್ನಾಗಿದೆ, ಆದರೆ ಒಂದು ಅನುಮಾನ. ಸಫವಿ ಕಾಲದ ಹೆಂಗಸರು ಅಂದರೂನಿಯಲ್ಲಿ, ಅಂದರೆ ಒಳಮನೆಯಲ್ಲಿ ಇದ್ದವರು. ಹೊರಗಿನ ಗಂಡಸರು ಬೀರೂನಿ, ಅಂದರೆ ಹೊರಮನೆ ದಾಟಿ ಒಳಗೆ ಬರುವ ಹಾಗಿರಲಿಲ್ಲ. ಓದುಬರಹವೂ ಕಲಿಸುತ್ತಿರಲಿಲ್ಲ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಮೊಹರು ಇದ್ದ ಮಾತ್ರಕ್ಕೆ ಮಾತು ಅವರದೇ ಅಂತ ಹೇಗೆ ಹೇಳುವುದು? ಗಂಡಸು ಬರೆಸಿ ಮೊಹರು ಒತ್ತಿಸಿರಬಹುದು ಅಲ್ವಾ?

ತುಂಗಾತೀರ:
ಕಲಿಸಬಾರದು ಎಂಬ ಉಪದೇಶ ಇತ್ತು, ನಿಜ. 13ನೇ ಶತಮಾನದ ನಸೀರುದ್ದೀನ್ ತೂಸಿ ತನ್ನ ನೀತಿಗ್ರಂಥದಲ್ಲಿ ಹೆಣ್ಣುಮಕ್ಕಳಿಗೆ ಓದುಬರಹ ಬೇಡ ಎಂದೇ ಬರೆದ. ಆ ಗ್ರಂಥವನ್ನು ಸಫವಿಗಳ ಕಾಲದಲ್ಲೂ ಜನ ಓದುತ್ತಿದ್ದರು. ಆದರೆ ಉಪದೇಶ ಇದ್ದ ಕಡೆಯೆಲ್ಲ ಅದರಂತೆ ನಡೆದರು ಎನ್ನಲಾಗುವುದಿಲ್ಲ. ಬೇಡ ಬೇಡ ಎಂದು ಶತಮಾನಗಟ್ಟಲೆ ಹೇಳಬೇಕಾಗಿ ಬಂದಿದೆ ಎಂದರೆ ಯಾರೋ ಕಲಿಯುತ್ತಲೇ ಇದ್ದರು ಅಂತ ತಾನೆ?

ರಾಜಮನೆತನದ ಮಟ್ಟದಲ್ಲಿ ಅನುಮಾನವೇ ಬೇಡ. ಸಫವಿ ದೊರೆ ಶಾ ತಹಮಾಸ್ಪನ ತಂಗಿ ಮಹೀನ್ ಬಾನು, ಸುಲ್ತಾನುಂ ಅಂತಲೂ ಕರೆಯುತ್ತಾರೆ, 1562ರಲ್ಲಿ ತೀರಿಕೊಂಡಳು. 1555ರಲ್ಲಿ ಸಫವಿಗಳಿಗೂ ಒಟ್ಟೋಮನ್ನರಿಗೂ ಅಮಾಸ್ಯದ ಶಾಂತಿ ಒಪ್ಪಂದ ಆದಮೇಲೆ ಅವಳಿಗೂ ಒಟ್ಟೋಮನ್ ಸುಲ್ತಾನ ಸುಲೇಮಾನನ ಹೆಂಡತಿ ಹುರ್ರೆಮ್‌ಗೂ ಪತ್ರ ಓಡಾಡಿದವು. ಗಂಡಸರು ದಶಕಗಟ್ಟಲೆ ಕಾದಾಡಿದ್ದರು. ಈ ಕಡೆ ಹೆಂಗಸರು ಇಸ್ತಾಂಬುಲಿನ ಹೊಸ ಮಸೀದಿಗೆ ರತ್ನಗಂಬಳಿ ಕಳಿಸುವ ಮಾತಾಡುತ್ತಿದ್ದರು. ಆಮೇಲೆ ತಹಮಾಸ್ಪನ ಮಗಳು ಪರೀ ಖಾನ್ ಖಾನುಂ. 1576ರಲ್ಲಿ ಅಪ್ಪ ಸತ್ತಾಗ ಗದ್ದುಗೆಗೆ ಯಾರು ಎಂಬುದರಲ್ಲಿ ಅವಳ ಕೈ ಇತ್ತು. 1578ರಲ್ಲಿ ಅವಳನ್ನು ಕೊಂದರು. ಮಾತು ನಡೆಯದ ಹೆಂಗಸನ್ನು ಯಾರೂ ಕೊಲ್ಲಿಸುವುದಿಲ್ಲ.

ದುಬೈ ಕನ್ನಡಿಗ:
ಅವರು ರಾಜಕುಮಾರಿಯರು. ನಾನು ಕೇಳಿದ್ದು ಮನೆಗಳ ಬಗ್ಗೆ. ಗುಮಾಸ್ತನ ಹೆಂಡತಿ, ವ್ಯಾಪಾರಿಯ ಮಗಳು, ಇಂಥವರು.

ನಿಧಾನಿ:
ಗುಮಾಸ್ತನ ಹೆಂಡತಿಯೇ ಇದ್ದಾಳೆ! ಸ್ವಲ್ಪ ಉದ್ದ ಬರೆಯುತ್ತೇನೆ, ಈ ಹೆಂಗಸಿನ ಮೇಲೆ ನನಗೆ ಪ್ರೀತಿ.

ಸಫವಿ ರಾಜಧಾನಿ ಇಸ್ಫಹಾನಿನಲ್ಲಿ ಮಿರ್ಜಾ ಖಲೀಲ್ ಎಂಬ ಅಧಿಕಾರಿ ಇದ್ದ. ಆಸ್ಥಾನದ ದಿವಾನಿಯಲ್ಲಿ ಆಜ್ಞೆಗಳನ್ನು ಬರೆಯುವ ಕೆಲಸ. ಅವನು ತೀರಿಕೊಂಡ. ಹೆಂಡತಿಗೆ ನಿದ್ದೆ ಇಲ್ಲ, ನೆಮ್ಮದಿ ಇಲ್ಲ. ಹಜ್‌ಗೆ ಹೋಗುತ್ತೇನೆ ಅಂತ ಹೊರಟಳು. ಇದು 17ನೇ ಶತಮಾನದ ಕೊನೆಯ ಹೊತ್ತಿನ ಕಥೆ. ಹೋದಳು, ಬಂದಳು, ಇಡೀ ಪ್ರಯಾಣವನ್ನು ಮಸ್ನವಿಯಲ್ಲಿ, ಅಂದರೆ ಎರಡೆರಡು ಸಾಲಿಗೆ ಪ್ರಾಸ ಬರುವ ಪದ್ಯದಲ್ಲಿ ಬರೆದಳು. ಸುಮಾರು 1,200 ದ್ವಿಪದಿ. ದಾರಿಯೂ ನೆಟ್ಟಗೆ ಅಲ್ಲ. ಇಸ್ಫಹಾನಿನಿಂದ ದಕ್ಷಿಣಕ್ಕೆ ಇಳಿಯದೆ ಉತ್ತರಕ್ಕೆ ಹೋಗಿ ತಬ್ರೀಜ್, ಅರಸ್ ನದಿಯ ಪಕ್ಕದ ಒರ್ದುಬಾದ್, ಅಲ್ಲಿಂದ ಅಲೆಪ್ಪೊ, ದಮಾಸ್ಕಸ್, ಆಮೇಲೆ ಮದೀನಾ, ಮೆಕ್ಕಾ.

ನಕ್ಷೆ ಬಿಡಿಸಿ ನೋಡಿದರೆ ಇದೇನು ಸುತ್ತು ಅನ್ನಿಸುತ್ತದೆ. ಒರ್ದುಬಾದ್ ಸಣ್ಣ ಊರಾದರೂ ಸಾಮಾನ್ಯ ಊರಲ್ಲ. ಸಫವಿ ಕಚೇರಿಗೆ ತಲೆಮಾರುಗಟ್ಟಲೆ ಬರಹಗಾರರನ್ನು, ಲೆಕ್ಕಿಗರನ್ನು ಕಳಿಸಿದ ಊರು. ಶಾ ಅಬ್ಬಾಸನ ಮಹಾಮಂತ್ರಿ ಹಾತಿಮ್ ಬೇಗ್ ಅಲ್ಲಿನವನೇ. ಈ ವಿಧವೆಯ ನಂಟೂ ಆ ಊರಿನದೇ. ಅಂದರೆ ಹಜ್‌ನ ನೆಪದಲ್ಲಿ ಬಂಧುಬಳಗವನ್ನೂ ನೋಡಿಕೊಂಡು ಬಂದಳು. ಯಾತ್ರೆ ಎಂದರೆ ಯಾರೂ ತಡೆಯುವ ಹಾಗಿಲ್ಲ. ಅಳುವುದಕ್ಕೂ ಓಡಾಡುವುದಕ್ಕೂ ಒಂದೇ ಅನುಮತಿ ಸಾಕಾಯಿತು.

ಬಂಧುಗಳಿಗಿಂತ ಜಾಸ್ತಿ ಮನಸ್ಸು ಇಟ್ಟು ಬರೆದಿರುವುದು ಒಬ್ಬ ಹಳೆಯ ಗೆಳತಿಯ ಬಗ್ಗೆ. ಇಬ್ಬರೂ ಒಂದು ಕಾಲದಲ್ಲಿ ತುಂಬ ಹತ್ತಿರ. ಜನ ಬಾಯಿಗೆ ಬಂದಂತೆ ಆಡಿಕೊಂಡು ಇಬ್ಬರೂ ದೂರವಾಗಬೇಕಾಯಿತು. ಎಷ್ಟೋ ಕಾಲದ ಮೇಲೆ ಈ ಪ್ರಯಾಣದಲ್ಲಿ ಸೇರುತ್ತಾರೆ. ಆ ಭೇಟಿಯ ಸಾಲುಗಳಲ್ಲಿರುವ ತೀವ್ರತೆ ನೋಡಿದರೆ ಗಂಡನ ಶೋಕದ ಸಾಲುಗಳು ಸ್ವಲ್ಪ ಮಂಕಾಗುತ್ತವೆ, ಇದು ನನ್ನ ಅಭಿಪ್ರಾಯ. ಪಂಡಿತರು ಒಪ್ಪದಿದ್ದರೆ ಬಿಡಿ.

ಇಷ್ಟೆಲ್ಲ ಬರೆದವಳ ಹೆಸರೇ ನಮಗೆ ಸಿಕ್ಕಿಲ್ಲ. ಮಿರ್ಜಾ ಖಲೀಲನ ಹೆಂಡತಿ ಅಂತಲೇ ಉಳಿದಿದ್ದಾಳೆ. ಬರೆಯಲು ಬರುತ್ತಿರಲಿಲ್ಲ ಅಂತ ಅಲ್ಲ, ಮನೆ ಹೆಂಗಸಿನ ಹೆಸರನ್ನು ಹೊರಗೆ ಹೇಳುವ ಪದ್ಧತಿ ಇರಲಿಲ್ಲ. ನಿಮ್ಮ ಪತ್ರಗಳಲ್ಲೂ ನೋಡಿ, ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಬರೆಯುವುದು ಕಡಿಮೆ. ಮಕ್ಕಳ ತಾಯಿ, ಮನೆ, ಇಂಥ ಅಡ್ಡಮಾತು ಬಳಸುತ್ತಾರೆ.

ಮಸಿಕುಡಿಕೆ:
ಇದಕ್ಕಾಗಿಯೇ ಕೇಳಿದ್ದು ನಾನು. ಧನ್ಯವಾದ. ಹೆಸರು ಹೇಳದಿರುವುದು ಎಷ್ಟೋ ಪತ್ರಗಳಲ್ಲಿದೆ. ಯಾರ ಬಗ್ಗೆ ಮಾತು ಎಂದು ಗೊತ್ತಾಗದೆ ನಾನು ಒಂದೇ ಪತ್ರದಲ್ಲಿ ಇಬ್ಬರು ಹೆಂಡತಿಯರನ್ನು ಹುಡುಕುತ್ತಾ ಕೂತಿದ್ದೆ.

ಕಲ್ಲುಸಕ್ಕರೆ:
ನಿಧಾನಿಯವರ ಕೊರ್ಸಿಯ ಮಾತು ಓದಿ ನಗು ಬಂತು. ನಮ್ಮೂರಲ್ಲಿ ಪೋಸ್ಟ್‌ಮ್ಯಾನ್‌ನೇ ಇನ್‌ಲ್ಯಾಂಡ್ ಲೆಟರ್ ಒಡೆದು ಜಗುಲಿ ಮೇಲೆ ಕೂತು ಓದುತ್ತಿದ್ದ. ಉಭಯ ಕುಶಲೋಪರಿ ಸಾಂಪ್ರತ ಎಂದು ರಾಗವಾಗಿ ಶುರು ಮಾಡಿದರೆ ಪಕ್ಕದ ಮನೆಯವರೂ ಬಂದು ನಿಲ್ಲುತ್ತಿದ್ದರು. ಮಗಳಿಗೆ ಅತ್ತೆಮನೆಯಲ್ಲಿ ಕಷ್ಟ ಇದ್ದರೂ ಪತ್ರದಲ್ಲಿ ಬರೆಯುವ ಹಾಗಿರಲಿಲ್ಲ. ಊರಿಗೆಲ್ಲ ಗೊತ್ತಾಗುತ್ತದಲ್ಲ! ಅಂಥ ಮಾತನ್ನು ಬಳೆಗಾರ್ತಿ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. ಇರಾನಿನಲ್ಲಿ ಗುಟ್ಟಿನ ಮಾತು ಹೇಗೆ ಹೋಗುತ್ತಿತ್ತು?

ತುಂಗಾತೀರ:
ಅಲ್ಲೂ ಬಾಯಲ್ಲೇ. ದಲ್ಲಾಲೆ ಎಂದು ಇರುತ್ತಿದ್ದಳು. ಬಟ್ಟೆ, ಒಡವೆ, ಸುಗಂಧ ಮಾರಲು ಒಳಮನೆಗಳಿಗೆ ಹೋಗುವ ಹೆಂಗಸು. ಗಂಡು-ಹೆಣ್ಣು ಕುದುರಿಸುವುದೂ ಅವಳೇ, ಸುದ್ದಿ ಸಾಗಿಸುವುದೂ ಅವಳೇ. ಜೊತೆಗೆ ಹಮಾಮು, ಅಂದರೆ ಸ್ನಾನಗೃಹ. ವಾರಕ್ಕೊಮ್ಮೆ ಹೆಂಗಸರು ಹಣ್ಣು, ತಿಂಡಿ ಕಟ್ಟಿಕೊಂಡು ಅರ್ಧ ದಿನ ಅಲ್ಲೇ. ಮಗನಿಗೆ ಹೆಣ್ಣು ನೋಡುವ ಅತ್ತೆಯರಿಗೆ ಅದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು?

ಇನ್ನೊಂದು ಇದೆ, ಅದು ಅಕ್ಷರವೇ ಇಲ್ಲದ ಪತ್ರ. ಕುಲ್ಸೂಮ್ ನನೆ ಎಂಬ ಪುಸ್ತಕ ಇದೆ. ಇಸ್ಫಹಾನಿನ ಮೌಲ್ವಿ ಆಕಾ ಜಮಾಲ್ ಖ್ವಾನ್ಸಾರಿ 17ನೇ ಶತಮಾನದ ಕೊನೆಯ ಹೊತ್ತಿಗೆ ಬರೆದದ್ದು ಎನ್ನುತ್ತಾರೆ. ಹೆಂಗಸರ ಆಚಾರಗಳನ್ನು ಗೇಲಿ ಮಾಡಲು ಶರಿಯತ್ ಗ್ರಂಥದ ಗತ್ತಿನಲ್ಲಿ ಬರೆದ ಪುಸ್ತಕ. ಕುಲ್ಸೂಮ್ ಅಜ್ಜಿ ಹೀಗೆ ಫತ್ವಾ ಕೊಟ್ಟಳು, ಬೀಬಿ ಶಾ ಜೈನಬ್ ಹಾಗಲ್ಲ ಹೀಗೆ ಎಂದಳು, ಬಾಜಿ ಯಾಸಮನ್ ಇನ್ನೊಂದು ಹೇಳಿದಳು, ಹೀಗೆ ಐದು ಜನ ಮುದುಕಿಯರು ವಿದ್ವಾಂಸರ ಹಾಗೆ ವಾದ ಮಾಡುತ್ತಾರೆ. ಅದರಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಸೋದರಿಯಾಗಿ ಸ್ವೀಕರಿಸುವ ಪದ್ಧತಿ ಬರುತ್ತದೆ. ಒಬ್ಬಳು ಇನ್ನೊಬ್ಬಳ ಸ್ನೇಹ ಬಯಸಿದರೆ ಮಧ್ಯವರ್ತಿ ಹೆಂಗಸಿನ ಕೈಯಲ್ಲಿ ತಟ್ಟೆ ಕಳಿಸುತ್ತಾಳೆ, ಅದರಲ್ಲೊಂದು ಗೊಂಬೆ. ಆ ಕಡೆಯವಳಿಗೆ ಒಪ್ಪಿಗೆಯಾದರೆ ಗೊಂಬೆಗೆ ಸಿಂಗಾರ ಮಾಡುತ್ತಾಳೆ. ಒಪ್ಪಿಗೆ ಇಲ್ಲದಿದ್ದರೆ ಕಪ್ಪು ಬಟ್ಟೆ ಹೊದಿಸಿ ವಾಪಸ್. ಸೋದರಿಯರಾಗುವ ಶಾಸ್ತ್ರಕ್ಕೆ ಶಿಯಾಗಳ ಹಬ್ಬ ಈದ್-ಎ-ಗದೀರ್ ಒಳ್ಳೆಯ ದಿನ.

ಬರೆದವನು ಗೇಲಿಗೆ ಬರೆದ. ಅದರಿಂದಲೇ ಈಗ ನಮಗೆ ಗೊತ್ತಾಗುತ್ತಿದೆ. ಮುದುಕಿಯರ ಕೈಗೆ ಈ ಪುಸ್ತಕ ಸಿಕ್ಕಿದ್ದರೆ ಏನು ಫತ್ವಾ ಕೊಡುತ್ತಿದ್ದರೋ!

ಬೀದರ್ ಕೋಟೆ:
ನಮ್ಮೂರನ್ನು ಯಾರೂ ನೆನೆಯಲಿಲ್ಲವಲ್ಲ. ಇರಾನಿ ಮನೆಗಳ ಪತ್ರ ಎಂದರೆ ಬೀದರ್ ಬರಲೇಬೇಕು. ಮಹಮೂದ್ ಗವಾನ್ ಗಿಲಾನಿನವನು, ಕ್ಯಾಸ್ಪಿಯನ್ ಸಮುದ್ರದ ದಡದ ಸೀಮೆ. 1453ರ ಸುಮಾರಿಗೆ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದ. ಬಹಮನಿ ಮಂತ್ರಿಯಾದ, 1472ರಲ್ಲಿ ಮದರಸಾ ಕಟ್ಟಿಸಿದ. ಅದನ್ನು ನೋಡಿದವರು ಇಲ್ಲಿ ತುಂಬ ಜನ ಇರಬೇಕು. ಅವನ ಪತ್ರಗಳ ಸಂಗ್ರಹವೇ ಇದೆ, ರಿಯಾಜುಲ್ ಇನ್ಶಾ ಅಂತ. ಪತ್ರ ಹೇಗೆ ಬರೆಯಬೇಕು ಎಂಬುದಕ್ಕೆ ಬೇರೆ ಪುಸ್ತಕವನ್ನೂ ಬರೆದಿದ್ದಾನೆ. ಒಟ್ಟೋಮನ್ ಸುಲ್ತಾನನಿಗೆ, ಹೆರಾತಿನ ಕವಿ ಜಾಮಿಗೆ ಬರೆದ ಪತ್ರಗಳ ನಡುವೆಯೇ ತನ್ನ ಮಕ್ಕಳಿಗೆ, ಬಂಧುಗಳಿಗೆ ಬರೆದವೂ ಇವೆ. ದೊರೆಗೆ ಬರೆಯುವಾಗಿನ ಅಲಂಕಾರವೇ ಮಗನಿಗೆ ಬುದ್ಧಿ ಹೇಳುವಾಗಲೂ. ಅಪ್ಪನ ಬೈಗುಳ ಅರ್ಥ ಮಾಡಿಕೊಳ್ಳಲು ಮಗನಿಗೆ ನಿಘಂಟು ಬೇಕಾಗುತ್ತಿತ್ತೇನೋ.

ಮೊಹರಿನ ಮಾತು ಬಂತಲ್ಲ. ಗವಾನ್ ಸತ್ತಿದ್ದೇ ಮೊಹರಿನಿಂದ. ಅವನ ಶತ್ರುಗಳು ಮೊಹರು ಕಾಯುವ ಗುಲಾಮನಿಗೆ ಕುಡಿಸಿ ಖಾಲಿ ಹಾಳೆಗೆ ಮೊಹರು ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ಒಡಿಶಾದ ರಾಜನಿಗೆ ದಂಡೆತ್ತಿ ಬಾ ಎಂಬ ಪತ್ರ ಬರೆದರು. ಸುಲ್ತಾನ 3ನೇ ಮುಹಮ್ಮದ್ ಶಾ ಕೇಳಿದ, ಈ ಮೊಹರು ನಿನ್ನದಾ? ಮೊಹರು ನನ್ನದೇ, ಪತ್ರ ನನ್ನದಲ್ಲ ಎಂದ ಗವಾನ್. 1481ರ ಏಪ್ರಿಲ್‌ನಲ್ಲಿ ತಲೆ ಹೋಯಿತು. ಎಪ್ಪತ್ತರ ವಯಸ್ಸು.

ನಿಧಾನಿ:
ಸರಿಯಾದ ಜಾಗಕ್ಕೆ ತಂದಿರಿ. ದುಬೈ ಕನ್ನಡಿಗರ ಅನುಮಾನಕ್ಕೂ ಇದು ಸಂಬಂಧಿಸಿದ್ದು. ಮೊಹರನ್ನು ಬೇರೆಯವರು ಒತ್ತಬಹುದಿತ್ತು. ಅದಕ್ಕೇ ಮನೆಯ ಪತ್ರಗಳಲ್ಲಿ ಮೊಹರಿಗಿಂತ ಒಳಗುಟ್ಟು ಮುಖ್ಯ. ಪತ್ರ ತಂದವನು ಯಾರು, ಜೊತೆಗೆ ಏನು ಕಳಿಸಿದ್ದಾರೆ, ಮನೆಯವರಿಗಷ್ಟೇ ಗೊತ್ತಿರುವ ಯಾವ ಮಾತು ಇದೆ, ಇವನ್ನು ನೋಡಿ ನಂಬುತ್ತಿದ್ದರು. ಮಸಿಕುಡಿಕೆಯವರೇ, ಪತ್ರದ ಕೊನೆಯಲ್ಲಿ ಸಲಾಂಗಳ ಪಟ್ಟಿ ಉದ್ದ ಯಾಕೆ ಎಂಬುದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ನನಗೆ ಅನ್ನಿಸುತ್ತದೆ. ಮೋಸದ ಪತ್ರ ಬರೆಯುವವನಿಗೆ ಅತ್ತಿಗೆಯ ಕೈನೋವು ಗೊತ್ತಿರುವುದಿಲ್ಲ.

ಓದುಗ 7:
ಆರ್ಮೇನಿಯನ್ನರನ್ನೂ ಸೇರಿಸಿ. 1604-05ರಲ್ಲಿ ಶಾ ಅಬ್ಬಾಸ್ ಅರಸ್ ನದಿಯ ಜುಲ್ಫಾ ಊರನ್ನು ಖಾಲಿ ಮಾಡಿಸಿ ಅಲ್ಲಿನ ವ್ಯಾಪಾರಿಗಳನ್ನು ಇಸ್ಫಹಾನಿಗೆ ಎಬ್ಬಿಸಿಕೊಂಡು ಬಂದ. ಜಾಯಂದೆ ರೂದ್ ನದಿಯ ದಕ್ಷಿಣಕ್ಕೆ ಹೊಸ ಜುಲ್ಫಾ ಹುಟ್ಟಿತು. ಅಲ್ಲಿಂದ ಇವರ ಜನ ರೇಷ್ಮೆ ಹಿಡಿದು ವೆನಿಸ್, ಆಮ್‌ಸ್ಟರ್‌ಡ್ಯಾಂವರೆಗೂ ಹೋದರು. ಈ ಕಡೆ ಮದ್ರಾಸು, ಬಂಗಾಳ, ಮನಿಲಾ.

1748ರಲ್ಲಿ ಸಾಂತಾ ಕತರೀನಾ ಎಂಬ ಹಡಗನ್ನು ದಕ್ಷಿಣ ಭಾರತದ ಕರಾವಳಿ ಬಳಿ ಬ್ರಿಟಿಷ್ ನೌಕಾಪಡೆ ಹಿಡಿಯಿತು. ಸರಕು ಶತ್ರು ಫ್ರೆಂಚರದು ಎಂಬ ನೆಪ. ಹಡಗಿನಲ್ಲಿ ಸುಮಾರು 1,700 ಪತ್ರ ಇದ್ದವು. ಮೊಕದ್ದಮೆಗೆ ಸಾಕ್ಷಿ ಅಂತ ಲಂಡನ್ನಿಗೆ ಹೋದವು, ಅಲ್ಲೇ ಉಳಿದವು. ತಲುಪಬೇಕಾದವರಿಗೆ ತಲುಪಲೇ ಇಲ್ಲ. ಎಲ್ಲವೂ ಜುಲ್ಫಾದ ಆರ್ಮೇನಿಯನ್ ಆಡುಮಾತಿನಲ್ಲಿ, ದಿನಾಂಕವೂ ಅವರದೇ ಲೆಕ್ಕದಲ್ಲಿ.

ದುಬೈ ಕನ್ನಡಿಗ:
ಅವು ವ್ಯಾಪಾರದ ಪತ್ರ ಅಲ್ವಾ? ರೇಷ್ಮೆ ರೇಟು, ಹುಂಡಿ ಲೆಕ್ಕ. ಮನೆ ಎಲ್ಲಿ ಬಂತು?

ಓದುಗ 7:
ಅವರಲ್ಲಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಕಂಪನಿ ಎಂದರೇ ಮನೆ. ಅಣ್ಣತಮ್ಮಂದಿರ ಆಸ್ತಿ ಒಟ್ಟಿಗೆ, ಹಿರಿಯಣ್ಣ ಜುಲ್ಫಾದಲ್ಲಿ ಯಜಮಾನ. ಬಂಡವಾಳ ಮನೆಯದು, ಊರೂರು ಅಲೆದು ವ್ಯಾಪಾರ ಮಾಡುವ ಏಜೆಂಟ್ ಹೊರಗಿನವನು, ಲಾಭದಲ್ಲಿ ಪಾಲು. ಆ ಏಜೆಂಟ್ ಹತ್ತು ಹದಿನೈದು ವರ್ಷ ಊರಿಗೆ ಬರದೆ ಇರಬಹುದು. ಅವನ ಹೆಂಡತಿ ಮಕ್ಕಳು ಜುಲ್ಫಾದಲ್ಲೇ ಇರುತ್ತಾರೆ, ಯಜಮಾನನ ಕಣ್ಣಳತೆಯಲ್ಲಿ. ಅವನು ಅಲ್ಲಿ ಲೆಕ್ಕ ತಪ್ಪಿದರೆ ಇಲ್ಲಿ ಮನೆಯ ಮರ್ಯಾದೆ ಹೋಗುತ್ತದೆ. ಪತ್ರದಲ್ಲಿ ನಿನ್ನ ಮನೆಯವರು ಕ್ಷೇಮ ಎಂಬ ಒಂದು ಸಾಲು ಬಂದರೆ ಅದು ಪ್ರೀತಿಯ ಮಾತೂ ಹೌದು, ಎಚ್ಚರಿಕೆಯೂ ಹೌದು.

ಮುಖ್ಯವಾದ ಪತ್ರವನ್ನು ನಕಲು ಮಾಡಿ ಬೇರೆ ಬೇರೆ ದಾರಿಯಲ್ಲಿ ಕಳಿಸುತ್ತಿದ್ದರು, ಒಂದು ಕಳೆದರೂ ಇನ್ನೊಂದು ತಲುಪಲಿ ಎಂದು. ಆ ಕಾಲವೂ ಕೆಟ್ಟದ್ದು. 1747ರಲ್ಲಿ ಕೊಲೆಯಾಗುವ ತನಕ ನಾದಿರ್ ಶಾ ಜುಲ್ಫಾದ ಮನೆಗಳನ್ನು ತೆರಿಗೆಯ ಹೆಸರಲ್ಲಿ ಹಿಂಡಿ ಹಿಪ್ಪೆ ಮಾಡಿದ್ದ. ಊರು ಬಿಟ್ಟು ಹೋದವರು ತುಂಬ ಜನ. ಆ ಪತ್ರಗಳನ್ನು ಓದುವಾಗ ಇದು ನೆನಪಿರಬೇಕು.

ತುಂಗಾತೀರ:
ಒಂದು ಅಡ್ಡಮಾತು. ಹೊರಗಿನ ಗಂಡಸರು ಒಳಮನೆಗೆ ಬರುವ ಹಾಗಿರಲಿಲ್ಲ ಎಂದು ದುಬೈ ಕನ್ನಡಿಗರು ಹೇಳಿದ್ದರಲ್ಲ. ಶಿಯಾ ಕಾನೂನಿನಲ್ಲಿ ತಾತ್ಕಾಲಿಕ ಮದುವೆಗೆ ಅವಕಾಶ ಇದೆ. ಅದನ್ನು ಇರಾನಿ ಮನೆಗಳು ಗೋಡೆಯಲ್ಲಿ ಬಾಗಿಲು ಕೊರೆಯಲೂ ಬಳಸಿದವು. ಮನೆಗೆ ದಿನಾ ಬರಬೇಕಾದ ಗಂಡಸು ಇದ್ದಾನೆ, ಮನೆಯ ಹೆಂಗಸು ಅವನೆದುರು ಮುಸುಕು ಹಾಕಿಕೊಂಡೇ ಇರಬೇಕು. ಆಗ ಆ ಹೆಂಗಸಿನ ಎಳೇ ಮಗಳ ಜೊತೆ ಅವನಿಗೆ ಬರೀ ಹೆಸರಿಗೆ ಒಂದು ಗಳಿಗೆಯ ಮದುವೆ. ಸಂಸಾರದ ಪ್ರಶ್ನೆಯೇ ಇಲ್ಲ ಎಂದು ಮೊದಲೇ ಕರಾರು. ಆ ಗಳಿಗೆ ಮುಗಿದರೂ ಅವನು ಅಳಿಯ, ಅವಳು ಅತ್ತೆ, ನಂಟು ಕಾಯಂ. ಇನ್ನು ಮುಸುಕು ಬೇಕಾಗಿಲ್ಲ. ಹಾಲು ಕುಡಿಸಿದ ದಾದಿಯ ಮಕ್ಕಳೂ ಅಷ್ಟೇ, ಒಡಹುಟ್ಟಿದವರ ಲೆಕ್ಕ. ಹಾಗಾಗಿ ಪತ್ರದಲ್ಲಿ ಅಣ್ಣ, ಅಳಿಯ, ಅತ್ತೆ ಎಂದು ಬಂದ ಕೂಡಲೇ ವಂಶವೃಕ್ಷ ಬರೆಯಲು ಕೂರಬೇಡಿ.

ಬೀದರ್ ಕೋಟೆ:
ಎಳೇ ಮಗುವಿನ ಹೆಸರಲ್ಲಿ ಮದುವೆ ಎಂದರೆ ಕೇಳಲಿಕ್ಕೇ ಕಸಿವಿಸಿ. ಉಪಾಯ ಜಾಣತನದ್ದು ಇರಬಹುದು, ಆದರೆ ಆ ಮಗುವನ್ನು ಯಾರು ಕೇಳಿದರು?

ತುಂಗಾತೀರ:
ಯಾರೂ ಕೇಳಲಿಲ್ಲ. ಜಾಣತನ ಎಂದು ಹೊಗಳಲು ಹೇಳಿದ್ದಲ್ಲ.

ಕಲ್ಲುಸಕ್ಕರೆ:
ಕಜಾರರ ಕಥೆ ಒಂದಾದರೂ ಹೇಳಿ. ಅಮೀರ್ ಕಬೀರನ ಹೆಂಡತಿಯ ಬಗ್ಗೆ ಎಲ್ಲೋ ಓದಿದ ನೆನಪು.

ನಿಧಾನಿ:
19ನೇ ಶತಮಾನ, ವಿಷಯದಿಂದ ಸ್ವಲ್ಪ ಆಚೆ. ಆದರೂ ಕೇಳಿದಿರಲ್ಲ.

ಎಜ್ಜತುದ್ದೌಲೆ ಕಜಾರ್ ದೊರೆ ನಾಸಿರುದ್ದೀನ್ ಶಾನ ಒಡಹುಟ್ಟಿದ ತಂಗಿ. 1849ರಲ್ಲಿ ಅವಳನ್ನು ಪ್ರಧಾನಿ ಅಮೀರ್ ಕಬೀರನಿಗೆ ಕೊಟ್ಟರು. ಅವನೋ ಕಾಯೆಂ ಮಕಾಮ್ ಎಂಬ ಮಂತ್ರಿಯ ಮನೆಯ ಅಡುಗೆಯವನ ಮಗ, ವಯಸ್ಸಿನಲ್ಲೂ ತುಂಬ ದೊಡ್ಡವನು. ಶಾ ಮತ್ತು ಅಮೀರ್ ಕಬೀರ್ ನಡುವೆ ಓಡಾಡಿದ ಪತ್ರಗಳು ಉಳಿದಿವೆ. ಮಂತ್ರಿ ಬರೆದ ಪತ್ರದ ಅಂಚಿನಲ್ಲೇ ಶಾ ಉತ್ತರ ಗೀಚಿ ವಾಪಸ್ ಕಳಿಸುವುದು ಆಗ ವಾಡಿಕೆ. ರಾಜ್ಯದ ವಿಷಯ, ಬೀಗತನದ ವಿಷಯ ಎಲ್ಲ ಒಂದೇ ಹಾಳೆಯಲ್ಲಿ. ಶಾನ ತಾಯಿ ಮಹ್ದೆ ಓಲ್ಯಾಗೆ ಅಳಿಯನನ್ನು ಕಂಡರೆ ಆಗುತ್ತಿರಲಿಲ್ಲ. 1851ರ ನವೆಂಬರಿನಲ್ಲಿ ಅವನ ಪದವಿ ಹೋಯಿತು, ಕಾಶಾನಿನ ಫೀನ್ ತೋಟಕ್ಕೆ ಗಡಿಪಾರು. ಎಜ್ಜತುದ್ದೌಲೆ ತೆಹರಾನಿನಲ್ಲಿ ತಾಯಿಯ ಹತ್ತಿರ ಉಳಿಯಬಹುದಿತ್ತು, ಉಳಿಯಲಿಲ್ಲ. ಪುಟ್ಟ ಮಕ್ಕಳನ್ನು ಕರೆದುಕೊಂಡು ಗಂಡನ ಜೊತೆ ಹೋದಳು. ಅವನನ್ನು ಕಣ್ಣಿನಿಂದ ಮರೆಯಾಗಲು ಬಿಡುತ್ತಿರಲಿಲ್ಲ ಎನ್ನುತ್ತಾರೆ. 1852ರ ಜನವರಿಯಲ್ಲಿ ಅವನು ಹಮಾಮಿಗೆ ಹೋದಾಗ ಅಲ್ಲೇ ಕೈಯ ನರ ಕೊಯ್ದು ಕೊಂದರು.

ಆಮೇಲೆ ಅವಳನ್ನು ಮುಂದಿನ ಪ್ರಧಾನಿಯ ಮಗನಿಗೆ ಮದುವೆ ಮಾಡಿಕೊಟ್ಟರು. ಅಮೀರ್ ಕಬೀರನಿಂದ ಹುಟ್ಟಿದ ಮಗಳು ತಾಜುಲ್ ಮುಲೂಕ್ ಬೆಳೆದು ಶಾನ ಮಗ ಮುಜಫ್ಫರುದ್ದೀನನಿಗೆ ಹೆಂಡತಿಯಾದಳು. ಅಪ್ಪನನ್ನು ಕೊಲ್ಲಲು ಆಜ್ಞೆ ಕೊಟ್ಟವನಿಗೇ ಸೊಸೆ. ಅವಳ ಮಗ ಮುಹಮ್ಮದ್ ಅಲಿ 1907ರಲ್ಲಿ ಗದ್ದುಗೆ ಏರಿದ. ಇಂಥ ಮನೆಯಲ್ಲಿ ಅಜ್ಜಿ, ಸೊಸೆ, ನಾದಿನಿಯರು ಒಬ್ಬರಿಗೊಬ್ಬರು ಕ್ಷೇಮಸಮಾಚಾರ ಬರೆಯುವಾಗ ಸಾಲುಗಳ ನಡುವೆ ಏನಿರಬೇಕು ಯೋಚಿಸಿ. ಮರ್ಯಾದೆಯ ಮಾತು ಉದ್ದ ಇದ್ದಷ್ಟೂ ಪ್ರೀತಿ ಜಾಸ್ತಿ ಎಂದು ನಂಬಲಾಗುವುದಿಲ್ಲ.

ಮಸಿಕುಡಿಕೆ:
ಇನ್ನೆರಡು ಸಣ್ಣ ಪ್ರಶ್ನೆ. ಒಂದು, ಅಂಚೆ ಇಲ್ಲದಾಗ ಈ ಪತ್ರಗಳು ಹೋಗುತ್ತಿದ್ದುದು ಹೇಗೆ? ಎರಡು, ಕೆಲವು ಪತ್ರಗಳ ಕೆಳಗೆ ಸಾಮಾನಿನ ಪಟ್ಟಿ ಇದೆ. ಅದರ ಮೇಲೆ ಉದ್ದನೆಯ ಗೆರೆ, ಕೊಕ್ಕೆ ಇರುವ ಗುರುತುಗಳು. ಅಂಕಿಯ ಹಾಗೂ ಇಲ್ಲ, ಅಕ್ಷರದ ಹಾಗೂ ಇಲ್ಲ.

ನಿಧಾನಿ:
ಸರ್ಕಾರಿ ಕುದುರೆ ಅಂಚೆ ಹಿಂದಿನಿಂದ ಇತ್ತು, ಅದು ಸರ್ಕಾರದ ಕೆಲಸಕ್ಕೆ. ಮನೆಯ ಪತ್ರ ಹೋಗುತ್ತಿದ್ದುದು ಹೇಸರಗತ್ತೆ ಹೊಡೆಯುವ ಚಾರ್ವಾದಾರರ ಕೈಯಲ್ಲಿ, ಕರ್ಬಲಾ, ಮಶ್ಹದ್‌ಗೆ ಹೊರಟ ಯಾತ್ರಿಕರ ಕೈಯಲ್ಲಿ, ಇಲ್ಲವೇ ಆ ಕಡೆ ಹೊರಟ ನಂಟರ ಕೈಯಲ್ಲಿ. ಹಾಗಾಗಿ ಯಾತ್ರೆಯ ಕಾಲದಲ್ಲಿ ಪತ್ರ ಜಾಸ್ತಿ. ಹೊರಡುವವನು ಬಾಗಿಲಲ್ಲಿ ಕಾಯುತ್ತಿದ್ದಾನೆ, ಆತುರದಲ್ಲಿ ಬರೆದೆ ಎಂಬ ಮಾತು ಬಂದರೆ ಅದು ಸುಮ್ಮನೆ ಅಲ್ಲ. ಅಂಚೆಚೀಟಿ ಬಂದದ್ದು 1860ರ ದಶಕದ ಕೊನೆಗೆ. 1870ರ ದಶಕದಲ್ಲಿ ಆಸ್ಟ್ರಿಯಾದವನೊಬ್ಬನನ್ನು ಕರೆಸಿ ಅಂಚೆ ವ್ಯವಸ್ಥೆ ಕಟ್ಟಿಸಿದರು, 1877ರಲ್ಲಿ ಇರಾನ್ ಅಂತರರಾಷ್ಟ್ರೀಯ ಅಂಚೆ ಒಕ್ಕೂಟ ಸೇರಿತು.

ನಿಮ್ಮ ಕೊಕ್ಕೆ ಗುರುತು ಸಿಯಾಕ್. ಲೆಕ್ಕದವರ ಬರಹ. ಅರಬ್ಬಿಯ ಸಂಖ್ಯಾಪದಗಳನ್ನು ಮುರಿದು ಮುದ್ದೆ ಮಾಡಿ ಗುರುತಾಗಿಸಿದ್ದಾರೆ. ದುಡ್ಡಾದರೆ ತುಮಾನು, ದಿನಾರು. 10,000 ದಿನಾರಿಗೆ ಒಂದು ತುಮಾನು. ತೂಕವಾದರೆ ಮನ್, ತಬ್ರೀಜಿನ ಮನ್ ಎಂದರೆ ಹತ್ತಿರ ಹತ್ತಿರ 3 ಕಿಲೊ.

ಬೀದರ್ ಕೋಟೆ:
ಸಿಯಾಕ್ ನಮ್ಮ ಕಡೆಗೂ ಬಂದಿತ್ತು. ದಖ್ಖನಿನ ಮೊಘಲರ ಕಾಲದ, ನಿಜಾಮರ ಕಾಲದ ಲೆಕ್ಕದ ಕಾಗದಗಳಲ್ಲಿ ಇದೇ ಇರುತ್ತದೆ. ಇಲ್ಲಿನ ಹಳೇ ಮನೆಗಳ ಪೆಟ್ಟಿಗೆಗಳಲ್ಲಿ ಇನಾಮಿನ ಪತ್ರಗಳು ಇನ್ನೂ ಇವೆ, ಓದುವವರು ಸಿಗುವುದಿಲ್ಲ. ನಿಧಾನಿಯವರೇ, ನೀವು ಹೇಳಿಕೊಡುತ್ತೀರಾದರೆ ನಾನೂ ಸೇರುತ್ತೇನೆ.

ನಿಧಾನಿ:
ಸೇರಿ. ಮಸಿಕುಡಿಕೆಯವರು ಒಂದು ಪಟ್ಟಿಯ ಚಿತ್ರ ಹಾಕಲಿ. ಸಕ್ಕರೆ, ಚಹಾ ಇರುವ ಸಾಲು ಇದ್ದರೆ ಒಳ್ಳೆಯದು. ಅವುಗಳ ತೂಕ ಸಣ್ಣದಿರುತ್ತದೆ, ಒಂದರಿಂದ ಹತ್ತರವರೆಗಿನ ಗುರುತು ಮೊದಲು ಕಲಿಯಬಹುದು. ದುಡ್ಡಿನ ಸಾಲಿಗೆ ಈಗಲೇ ಕೈ ಹಾಕಬೇಡಿ.